ಮೇಲುಸಿರು ಬಂದಾಗ ಮಾಡಬೇಕಾದದ್ದು

ಮೂರು ವರ್ಷಗಳ ಹಿಂದೆ, ಒಂದು ಭಾನುವಾರದ ಬೆಳಿಗ್ಗೆ, ವಿಜಯನಗರದಲ್ಲಿ ನಮ್ಮ ಕೆಳಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು ಹಾಲಿನ ಪ್ಯಾಕೆಟ್ ಹಿಡಿದು ಗೇಟಿನೊಳಗೆ ಬರುತ್ತಿದ್ದವರು ನಿಂತ ನಿಲುವಿನಲ್ಲೇ ಕುಸಿದುಬಿದ್ದರು. ನಾನು ಮೆಟ್ಟಿಲಿಳಿದು ಓಡಿಬರುವಷ್ಟರಲ್ಲಿ ನಾಲ್ಕೈದು ಜನ ಸೇರಿದ್ದರು. ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು, ಇನ್ನೊಬ್ಬರು ಅಂಗಾಲು ತಿಕ್ಕುತ್ತಿದ್ದರು, ಎದುರುಮನೆಯ ಅಜ್ಜಿ ಚೆಂಬಿನಲ್ಲಿ ನೀರು ತಂದು ತುಟಿಗೆ ಹಿಡಿದಿದ್ದರು. ಮೇಷ್ಟ್ರು ಬಾಯಿ ತೆರೆದು, ಬಹಳ ಹೊತ್ತಿಗೊಮ್ಮೆ, ಗೊರಕೆಯಂತಹ ಸದ್ದಿನೊಂದಿಗೆ ಗಾಳಿ ಎಳೆದುಕೊಳ್ಳುತ್ತಿದ್ದರು. "ಉಸಿರಿದೆ, ಉಸಿರಿದೆ" ಎಂದು ನಾವೆಲ್ಲ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು ಕಾದೆವು. ಮುಖ್ಯರಸ್ತೆಯ ವಾಹನಗಳ ಸಾಲನ್ನು ದಾಟಿ ಆಂಬುಲೆನ್ಸ್ ನಮ್ಮ ಅಡ್ಡರಸ್ತೆಗೆ ತಲುಪಲು ಇಪ್ಪತ್ತು ನಿಮಿಷ ಹಿಡಿಯಿತು. ಮೇಷ್ಟ್ರು ಉಳಿಯಲಿಲ್ಲ.

ಕೊನೆಗಾಲದ ಅಂತಹ ಉಸಿರಿಗೆ ನಮ್ಮಲ್ಲಿ ಮೇಲುಸಿರು ಎನ್ನುತ್ತಾರೆ. ಮೇಲುಸಿರು ಬಂತೆಂದರೆ ಬಾಯಿಗೆ ನೀರು ಬಿಡುವುದು, ಮಕ್ಕಳನ್ನು ಕರೆಸುವುದು ಹಿರಿಯರಿಂದ ಬಂದ ರೂಢಿ. ಅಜ್ಜಿ ಪ್ರೀತಿಯಿಂದಲೇ ಹಾಗೆ ಮಾಡಿದರು. ಆದರೆ ಇದ್ದಕ್ಕಿದ್ದಂತೆ ಕುಸಿದು ಪ್ರಜ್ಞೆ ತಪ್ಪಿದವರಲ್ಲಿ ಆ ಸದ್ದನ್ನು ಉಸಿರಾಟವೆಂದು ಎಣಿಸಬಾರದು ಎಂಬುದು ನನಗೆ ಗೊತ್ತಾದದ್ದು ಆರು ತಿಂಗಳ ನಂತರ, ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ. ಹೃದಯ ನಿಂತ ಮೇಲೂ ಮಿದುಳಿನ ಕಾಂಡ ಕೆಲವು ನಿಮಿಷ ಹೀಗೆ ಗಾಳಿ ಎಳೆಸುತ್ತದೆ. ನಾವು ಸಮಾಧಾನದಿಂದ ಕೇಳಿಸಿಕೊಂಡ ಆ ಸದ್ದು, ಕೂಡಲೇ ಎದೆ ಒತ್ತಲು ಆರಂಭಿಸಬೇಕೆಂಬ ಸೂಚನೆಯಾಗಿತ್ತು. ಹೀಗೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವ ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಕುಗ್ಗುತ್ತದೆ ಎಂದು ತರಬೇತಿ ಕೊಟ್ಟ ನಿವೃತ್ತ ನರ್ಸ್ ಹೇಳಿದಾಗ, ನಾನು ಮನಸ್ಸಿನಲ್ಲೇ ಆ ಇಪ್ಪತ್ತು ನಿಮಿಷಗಳ ಲೆಕ್ಕ ಹಾಕಿದೆ. ಹೊಟ್ಟೆಯಲ್ಲಿ ಸಂಕಟವಾಯಿತು.

ತರಬೇತಿಯ ಬೊಂಬೆಯ ಎದೆಯೊಳಗೆ ಸ್ಪ್ರಿಂಗ್ ಇತ್ತು. ಸಾಕಷ್ಟು ಆಳಕ್ಕೆ ಒತ್ತಿದರೆ ಮಾತ್ರ ಟಕ್ ಎನ್ನುತ್ತಿತ್ತು. ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವನ್ನು ಊರಿ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಬಗ್ಗದಂತೆ, ಮೈಭಾರವನ್ನೆಲ್ಲ ಹಾಕಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಅದು ಹೇಳುವಷ್ಟು ಸುಲಭವಲ್ಲ. ಮೊದಲ ಹತ್ತು ಒತ್ತುಗಳಲ್ಲಿ ನನಗೆ ಟಕ್ ಎಂದು ಕೇಳಿಸಿದ್ದು ಮೂರು ಸಲ ಮಾತ್ರ. "ನೋವಾಗುತ್ತದೆ ಅಂತ ಹೆದರಬೇಡಿ, ಅಮ್ಮಾ. ಪಕ್ಕೆಲುಬು ಮುರಿದರೂ ಕೂಡಿಕೊಳ್ಳುತ್ತದೆ" ಎಂದು ನರ್ಸ್ ನನ್ನ ಭುಜ ಹಿಡಿದು ಸರಿಪಡಿಸಿದರು. ಎಣಿಸುವುದರಲ್ಲೂ ಒಂದು ತೊಡಕಿತ್ತು: ಹತ್ತು ದಾಟಿದರೆ ಹದಿನೇಳು, ಇಪ್ಪತ್ತಮೂರು ಎಂದು ಕನ್ನಡದ ಅಂಕಿಗಳು ಉದ್ದವಾಗುತ್ತವೆ, ಬಾಯಿಯ ಜೊತೆ ಕೈಯೂ ನಿಧಾನವಾಗುತ್ತದೆ. ಆದ್ದರಿಂದ ಅವರು ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಲು ಹೇಳಿದರು. 30 ಆಯಿತು, ಆಮೇಲೆ ಎರಡು ಸಲ ಉಸಿರು ಕೊಡುವುದು. ಉಸಿರು ಕೊಡಲು ಬರದಿದ್ದರೆ ಬರೀ ಎದೆ ಒತ್ತುತ್ತಿದ್ದರೂ ಪ್ರಯೋಜನವಿದೆ. ಎರಡು ನಿಮಿಷಕ್ಕೆ ಬೆವರಿಳಿದು ತೋಳು ಸೋತವು. ಅದಕ್ಕಾಗಿಯೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿರಬೇಕು.

ಆ ಬೊಂಬೆಯ ಮೂಲ ರೂಪವನ್ನು 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲಾರ್ಡಲ್ ಮಾಡಿದರು. ಪ್ಯಾರಿಸ್ಸಿನ ಸೆನ್ ನದಿಯಲ್ಲಿ ಶವವಾಗಿ ಸಿಕ್ಕಿದ ಅನಾಮಿಕ ಹುಡುಗಿಯ ಮುಖದಿಂದ ಅಚ್ಚು ತೆಗೆದದ್ದೆಂದು ಹೇಳಲಾಗುವ ಮುಖವಾಡವೇ ಅದರ ಮುಖಕ್ಕೆ ಮಾದರಿಯಾಯಿತು. ಇದನ್ನು ತಿಳಿದ ಮೇಲೆ ಬೊಂಬೆಯ ಮುಂದೆ ಮಂಡಿಯೂರುವಾಗಲೆಲ್ಲ ನನಗೆ ಮೇಷ್ಟ್ರ ಮುಖ ನೆನಪಾಗುತ್ತದೆ.

ಕಲಿಯುವುದಕ್ಕಿಂತ, ಮೊದಲೇ ಕಲಿತದ್ದನ್ನು ಬಿಡುವುದು ಕಷ್ಟ. ಪ್ರಜ್ಞೆ ಇಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ಹರಿಯುವ ತಣ್ಣೀರು ಸಾಕು. ಹಾವು ಕಚ್ಚಿದರೆ ಹಗ್ಗ ಬಿಗಿಯುವುದೂ ಗಾಯ ಕೊಯ್ಯುವುದೂ ಹಾನಿಯೇ; ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ಹಾವಿನ ವಿಷಕ್ಕೆ ಮದ್ದಾದ ಆ್ಯಂಟಿವೆನಮ್ ಇರುವ ಆಸ್ಪತ್ರೆಗೆ ಬೇಗ ಸಾಗಿಸಬೇಕು. ಊರಿನ ತೋಟದಲ್ಲಿ ಕೊಳಕುಮಂಡಲ ಓಡಾಡುವ ಜಾಗದಲ್ಲಿ ಬೆಳೆದ ನನಗೇ ಇದು ಗೊತ್ತಿರಲಿಲ್ಲ.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಕೇಸು ಸುತ್ತಿಕೊಳ್ಳುತ್ತದೆ ಎಂಬ ಭಯ ನಮ್ಮವರಲ್ಲಿ ಇನ್ನೂ ಇದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಇದನ್ನು ಪ್ರತಿ ಬಸ್ ನಿಲ್ದಾಣದಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ನನಗೆ ಅನ್ನಿಸುತ್ತದೆ.

ಕಳೆದ ಮಳೆಗಾಲದಲ್ಲಿ ಮಾಗಡಿ ರಸ್ತೆಯ ಬಸ್ ನಿಲ್ದಾಣವೊಂದರಲ್ಲಿ ಕಾಲೇಜು ಹುಡುಗನೊಬ್ಬನಿಗೆ ಮೂರ್ಛೆ ಬಂತು. ಕ್ಷಣದಲ್ಲೇ ಯಾರೋ ಬೀಗದ ಕೈಗೊಂಚಲು ತೆಗೆದು ಅವನ ಮುಷ್ಟಿಗೆ ತುರುಕಲು ನೋಡಿದರು. ನಾನು ಅವರನ್ನು ತಡೆದು, ಹುಡುಗನ ತಲೆಯ ಕೆಳಗೆ ನನ್ನ ದುಪಟ್ಟಾ ಮಡಿಸಿಟ್ಟು, ಕೈಗಡಿಯಾರ ನೋಡುತ್ತ ಕುಳಿತೆ. ಸೆಳೆತ 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕಿತ್ತು. ಎರಡು ನಿಮಿಷ ತುಂಬುವುದರೊಳಗೆ ಅದು ನಿಂತಿತು. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದಾಗ ಬಾಯಲ್ಲಿದ್ದ ನೊರೆಯೆಲ್ಲ ಹೊರಗೆ ಹರಿಯಿತು, ಉಸಿರು ಸರಾಗವಾಯಿತು. ಸ್ವಲ್ಪ ಹೊತ್ತಿನ ಮೇಲೆ ಹುಡುಗ ಕಣ್ಣು ಬಿಟ್ಟು ತನ್ನ ಬ್ಯಾಗ್ ಎಲ್ಲಿದೆಯೆಂದು ಕೇಳಿದ. ಕೀ ಹಿಡಿದಿದ್ದವರು ಅಲ್ಲೇ ನಿಂತಿದ್ದರು. "ಹಾಗಾದರೆ ಕಬ್ಬಿಣ ಕೊಡಬಾರದಾ, ಮೇಡಂ? ನಮ್ಮ ತಂಗಿಗೂ ಹೀಗೇ ಬರುತ್ತದೆ" ಎಂದರು. ಅವರ ಬಸ್ಸು ಬರುವವರೆಗೆ ನಾವಿಬ್ಬರೂ ಅದನ್ನೇ ಮಾತಾಡಿದೆವು. ಮಗ್ಗುಲಿಗೆ ಹೊರಳಿಸುವ ಕ್ರಮವನ್ನು ಅವರು ಗಾಳಿಯಲ್ಲೇ ಕೈಯಾಡಿಸಿ ಎರಡು ಸಲ ನನಗೆ ಮಾಡಿ ತೋರಿಸಿದರು.