ಪೇಡೆ ಡಬ್ಬದ ತುಂಬ ಬೇರ್ಜಿಞ್ಶ್: ಲಾಟ್ವಿಯಾದ ಅಡ್ಡಹೆಸರುಗಳ ಕೆಲಸ ಎಲ್ಲಿಗೆ ಬಂತು

ಹೋದ ಸಲ ಬರೆದಾಗ 31 ಕಾರ್ಡ್ ಆಗಿದ್ದವು. ಈಗ 87. ಡಬ್ಬದ ಮುಚ್ಚಳ ಮುಚ್ಚುತ್ತಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಅಂಚೆಚೀಟಿ ಕೂಡಿಡುವವನು. ಎರಡು ವರ್ಷದ ಹಿಂದೆ ಬಾಲ್ಟಿಕ್ ಸಮುದ್ರದ ದಂಡೆಯ ಲಾಟ್ವಿಯಾ ದೇಶದ ಮೊಟ್ಟಮೊದಲ ಅಂಚೆಚೀಟಿ ಕೈಗೆ ಬಂತು. 1918ರ ಡಿಸೆಂಬರ್‌ನದು. ಕೆಂಪು ಬಣ್ಣ, ನಡುವೆ ಸೂರ್ಯ, ಮೂರು ನಕ್ಷತ್ರ, ಪಕ್ಕದಲ್ಲಿ ತೆನೆ. ತಿರುಗಿಸಿದರೆ ಹಿಂದೆ ರಸ್ತೆ, ಹೊಳೆಗಳ ಗೆರೆ! ಆಗಷ್ಟೇ ಹುಟ್ಟಿದ ದೇಶ, ಮುದ್ರಿಸೋಕೆ ಕಾಗದ ಇಲ್ಲ. ಜರ್ಮನ್ ಸೈನ್ಯದ ನಕ್ಷೆಗಳು ಸಿಕ್ಕವು, ಅವುಗಳ ಹಿಂಬದಿಯಲ್ಲೇ ಮುದ್ರಿಸಿಬಿಟ್ಟರು. ಮುಂದೆ ಅರ್ಧಕ್ಕೇ ನಿಂತ ನೋಟುಗಳ ಹಿಂಬದಿಯನ್ನೂ ಬಿಡಲಿಲ್ಲ. ಆ ಮೊದಲ ಚೀಟಿಯ ಚಿತ್ರ ಬರೆದವರು ಅನ್ಸಿಸ್ ತ್ಸೀರುಲಿಸ್. ತ್ಸೀರುಲಿಸ್ ಅಂದ್ರೆ ಹಾಡುತ್ತಾ ನೇರ ಮೇಲಕ್ಕೆ ಹಾರುವ ಲಾರ್ಕ್ ಹಕ್ಕಿ. ಹಕ್ಕಿಯೇ ಅಡ್ಡಹೆಸರು! ಅಲ್ಲಿಂದ ಹಿಡಿದ ಹುಚ್ಚು ಇದು.

ನಮ್ಮ ಧಾರವಾಡದ ಕಡೆಯವರಿಗೆ ಇದೇನು ದೊಡ್ಡ ಆಶ್ಚರ್ಯ ಅಲ್ಲ ಬಿಡಿ. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಹಾಜರಿ ಕೂಗಿಸಿಕೊಂಡೇ ಬೆಳೆದವರು ನಾವು.

ಕಾರ್ಡಿಗೆ ನಾನು ಬಳಸುವುದು ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು. ದಪ್ಪ ಕಾಗದ, ಕತ್ತರಿಸಿದರೆ ಪೇಡೆ ಡಬ್ಬಕ್ಕೆ ಸರಿಯಾಗಿ ಕೂರುತ್ತದೆ. ಒಂದು ಅಡ್ಡಹೆಸರಿಗೆ ಒಂದು ಕಾರ್ಡ್. ಮೇಲೆ ಹೆಸರು, ಅರ್ಥ. ಕೆಳಗೆ ಆ ಹೆಸರಿನ ಪ್ರಸಿದ್ಧರು. ಇಷ್ಟೇ ನಿಯಮ ಅಂದುಕೊಂಡು ಶುರು ಮಾಡಿದ್ದು. ಈ ಮೂರು ತಿಂಗಳಲ್ಲಿ ಆ ನಿಯಮ ನಾಲ್ಕು ಸಲ ಮುರಿದುಬಿತ್ತು.

ಜೂನ್: ಇಬ್ಬರು ಅಂದ್ರಿಸ್

ಲಾಟ್ವಿಯಾದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಅಡ್ಡಹೆಸರು ಬೇರ್ಜಿಞ್ಶ್. ಬೇರ್ಜ್ಸ್ ಅಂದ್ರೆ ಬರ್ಚ್ ಮರ. ಕೊನೆಗೆ ಇಞ್ಶ್ ಸೇರಿಸಿದರೆ ಪುಟ್ಟ ಬರ್ಚ್. ಸುಲಭದ ಕಾರ್ಡ್ ಅಂತ ಮೊದಲು ಅದನ್ನೇ ತುಂಬಿಸಿದೆ. 'ಅಂದ್ರಿಸ್ ಬೇರ್ಜಿಞ್ಶ್: ರಾಜಧಾನಿ ರೀಗಾದ ಮೇಯರ್, 2000ದಿಂದ 2002ರವರೆಗೆ ಪ್ರಧಾನಿ, 2011ರಿಂದ 2015ರವರೆಗೆ ರಾಷ್ಟ್ರಪತಿ.' ಎಂಥಾ ಒಳ್ಳೆ ಬೆಳವಣಿಗೆ ಅಂತ ಖುಷಿಯೂ ಪಟ್ಟೆ.

ಅದು ಇಬ್ಬರು ಬೇರೆ ಬೇರೆ ಮನುಷ್ಯರು. ಹುಟ್ಟಿದ ವರ್ಷ ಬರೆಯಲು ಹೋದಾಗ ಒಂದು ಕಡೆ 1944, ಇನ್ನೊಂದು ಕಡೆ 1951. ತಪ್ಪು ಮುದ್ರಣ ಇರಬೇಕು ಅಂತ ಒಂದು ವಾರ ಸುಮ್ನೆ ಇದ್ದೆ. ಆಮೇಲೆ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಮುಖವೇ ಬೇರೆ. ರಾಷ್ಟ್ರಪತಿಯಾದವರು 1944ರವರು, ಮೊದಲು ಬ್ಯಾಂಕ್ ನಡೆಸುತ್ತಿದ್ದವರು. ಮೇಯರ್, ಪ್ರಧಾನಿ ಆದವರು 1951ರವರು.

ಇನ್ನೂ ಮಜಾ ಇದೆ. ಆ ಪ್ರಧಾನಿಯ ಸಂಪುಟದಲ್ಲಿ ಹಣಕಾಸು ಮಂತ್ರಿ ಗುಂದರ್ಸ್ ಬೇರ್ಜಿಞ್ಶ್. ವಿದೇಶಾಂಗ ಮಂತ್ರಿ ಇಂದುಲಿಸ್ ಬೇರ್ಜಿಞ್ಶ್. ನಮ್ಮಲ್ಲಿ ಹೀಗೆ ಒಂದೇ ಅಡ್ಡಹೆಸರಿನ ಮೂವರು ಸಂಪುಟದಲ್ಲಿ ಕೂತಿದ್ದರೆ ಮರುದಿನವೇ ಕುಟುಂಬ ರಾಜಕಾರಣ ಅಂತ ಗಲಾಟೆ ಎದ್ದಿರುತ್ತಿತ್ತು. ಅಲ್ಲಿ ಅದು ಬರೀ ಮರದ ಹೆಸರು. ಅದೇ ಕಾರ್ಡಿನಲ್ಲಿ ಕುರಾನನ್ನು ಲಾಟ್ವಿಯನ್ ಭಾಷೆಗೆ ತಂದ ಕವಿ ಉಲ್ದಿಸ್ ಬೇರ್ಜಿಞ್ಶ್ ಕೂಡ ಇದ್ದಾರೆ.

ಯಾಕೆ ಇಷ್ಟೊಂದು ಮರ? ಇದಕ್ಕೆ ಉತ್ತರ ಜೀತದಲ್ಲಿದೆ. ಅಲ್ಲಿನ ರೈತರು ಬಾಲ್ಟಿಕ್ ಜರ್ಮನ್ ಜಮೀನ್ದಾರರ ಜೀತದಾಳುಗಳು. ಪಶ್ಚಿಮದ ಕುರ್ಜೆಮೆ ಪ್ರಾಂತ್ಯದಲ್ಲಿ 1817ರಲ್ಲಿ, ಉತ್ತರದ ವಿದ್ಜೆಮೆ ಪ್ರಾಂತ್ಯದಲ್ಲಿ 1819ರಲ್ಲಿ ಜೀತ ರದ್ದಾಯಿತು. ಬಿಡುಗಡೆ ಸಿಕ್ಕಿತು, ಭೂಮಿ ಸಿಗಲಿಲ್ಲ. ಅಲ್ಲಿಯವರೆಗೆ ಹೆಚ್ಚಿನವರಿಗೆ ಕರೆಯುವ ಹೆಸರು, ವಾಸದ ಮನೆಯ ಹೆಸರು ಇಷ್ಟೇ ಇದ್ದದ್ದು. ಸ್ವತಂತ್ರ ಆದಮೇಲೆ ದಫ್ತರಕ್ಕೆ ಅಡ್ಡಹೆಸರು ಬೇಕು. ವಿದ್ಜೆಮೆಯಲ್ಲಿ 1820ರ ದಶಕದಲ್ಲಿ, ಕುರ್ಜೆಮೆಯಲ್ಲಿ 1830ರ ದಶಕದಲ್ಲಿ ಸಾಲಾಗಿ ಎಲ್ಲರಿಗೂ ಹೆಸರು ಬರೆಸಿದರು. ಕಣ್ಣೆದುರು ಇದ್ದದ್ದೇ ಹೆಸರಾಯಿತು. ಕಲ್ನ್ಸ್ ಅಂದ್ರೆ ಗುಡ್ಡ, ಅದರಿಂದ ಕಲ್ನಿಞ್ಶ್. ಓಕ್ ಮರ ಒಜೊಲ್ಸ್, ಅದರಿಂದ ಒಜೊಲಿಞ್ಶ್. ಹೊಳೆಯಿಂದ ಉಪೀತಿಸ್. ಮರ ಕಡಿದ ಮೇಲೆ ಉಳಿಯುವ ಬುಡದಿಂದ ಕೂಡ ತ್ಸೆಲ್ಮಿಞ್ಶ್ ಅಂತ ಒಂದಿದೆ. ಹಾಗಾಗಿ ಒಂದೇ ಹೆಸರು ಇದ್ದ ಮಾತ್ರಕ್ಕೆ ರಕ್ತಸಂಬಂಧ ಅಂತ ಹೇಳುವಂತಿಲ್ಲ. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಮನೆ ಮುಂದೆ ಬರ್ಚ್ ಮರ ಇತ್ತು, ಅಷ್ಟೇ.

ಕಾರ್ಡಿನಲ್ಲಿ ನಿಜವಾದ ಸಂಬಂಧಿಕರಿದ್ದರೆ ಈಗ ನಡುವೆ ಕೆಂಪು ಗೆರೆ ಎಳೆಯುತ್ತೇನೆ. ಮೊದಲ ಲಾಟ್ವಿಯನ್ ಒಪೆರಾಗಳಲ್ಲಿ ಒಂದನ್ನು ಬರೆದ ಅಲ್ಫ್ರೇದ್ಸ್ ಕಲ್ನಿಞ್ಶ್, ಮಗ ಯಾನಿಸ್ ಕಲ್ನಿಞ್ಶ್, ಇಬ್ಬರೂ ಸಂಗೀತಗಾರರು. ಅವರಿಗೆ ಗೆರೆ ಇದೆ. ಆರ್ಕೆಸ್ಟ್ರಾ ನಡೆಸುತ್ತಿದ್ದ ಅಪ್ಪ ಅರ್ವೀದ್ಸ್ ಯನ್ಸೊನ್ಸ್, ಮಗ ಮರಿಸ್ ಯನ್ಸೊನ್ಸ್‌ಗೂ ಇದೆ. 87 ಕಾರ್ಡಿನಲ್ಲಿ ಕೆಂಪು ಗೆರೆ ಬಿದ್ದದ್ದು ಒಂಬತ್ತಕ್ಕೆ ಮಾತ್ರ.

ಜುಲೈ: ಞ ಕೆಲಸಕ್ಕೆ ಬಂತು

ಈ ತಿಂಗಳು ಹೊಸ ಕಾರ್ಡ್ ಕಮ್ಮಿ. ಹಳೆಯವನ್ನೇ ತಿದ್ದುತ್ತಾ ಕೂತಿದ್ದೆ.

ಲಾಟ್ವಿಯನ್‌ನಲ್ಲಿ ಎ ಬೇರೆ, ಏ ಬೇರೆ. ಅ ಬೇರೆ, ಆ ಬೇರೆ. ಅವರ ತ, ದ ನಮ್ಮ ತ, ದ ತರಹವೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇದೆಲ್ಲ ಹೋಗುತ್ತದೆ, ಕನ್ನಡದಲ್ಲಿ ಉಳಿಯುತ್ತದೆ. ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಞ. ಶಾಲೆಯಲ್ಲಿ ಕಂಠಪಾಠ ಮಾಡಿದ ಮೇಲೆ ಒಂಟಿಯಾಗಿ ಈ ಅಕ್ಷರವನ್ನು ಎಲ್ಲಾದರೂ ಬರೆದಿದ್ದೀರಾ? ಅವರ ಬಾಲ ಇರುವ ನ ಇದೇ ಞ. ಒಂದು ಸಂಜೆಯಲ್ಲಿ ಇಷ್ಟು ಞ ಬರೆದೆ ಅಂದ್ರೆ, ಜೀವಮಾನದ ಬಾಕಿ ತೀರಿತು.

ತೊಂದರೆ ಕೊಟ್ಟದ್ದು ಒ. ತಿಂಗಳುಗಟ್ಟಲೆ ಒಜೊಲ್ಸ್ ಅಂತಲೇ ಓದುತ್ತಿದ್ದೆ. ಅಲ್ಲಿಯ ರೇಡಿಯೋ ಕೇಳುವಾಗ ಕಿವಿಗೆ ಬಿದ್ದದ್ದು 'ಉವೊಜುವೊಲ್ಸ್'. ಅಚ್ಚ ಲಾಟ್ವಿಯನ್ ಪದಗಳಲ್ಲಿ ಒ ಅಂತ ಬರೆದದ್ದನ್ನು ಉವೊ ಅಂತ ಹೇಳಬೇಕಂತೆ. ಈಗ ಮೇಲೆ ಅವರ ಕಾಗುಣಿತ, ಕೆಳಗೆ ಪೆನ್ಸಿಲ್‌ನಲ್ಲಿ ಉಚ್ಚಾರ. ಜ಼ ಅನ್ನೋದಕ್ಕೆ ಚುಕ್ಕೆ ಹಾಕುವ ಗೋಜಿಗೆ ಹೋಗಿಲ್ಲ, ಜ ಸಾಕು.

ಆಗಸ್ಟ್: ಹೆಂಗಸರ ಕಾರ್ಡ್ ಎಲ್ಲಿ ಹೋದವು

ಅಕ್ಷರಕ್ರಮದಲ್ಲಿ ಜೋಡಿಸುವಾಗ ಗೊತ್ತಾದ ಎಡವಟ್ಟು ಇದು. ಗಂಡಸಿನ ಹೆಸರು ಹೆಚ್ಚಾಗಿ ಸ್ ಅಥವಾ ಶ್‌ನಲ್ಲಿ ಮುಗಿಯುತ್ತದೆ. ಹೆಂಗಸಿನದು ಅ ಅಥವಾ ಎ. ಬೇರ್ಜಿಞ್ಶ್ ಮಗಳು ಬೇರ್ಜಿಞ. ಲಾತ್ಸಿಸ್ ಅಂದ್ರೆ ಕರಡಿ, ಅವನ ಹೆಂಡತಿ ಲಾತ್ಸೆ. ಒಪೆರಾ ಗಾಯಕಿ ಎಲೀನ ಗರಂಚ, ಅವರ ಅಪ್ಪ ಗರಂಚ್ಸ್. ನಾನು ಎರಡೆರಡು ಕಾರ್ಡ್ ಮಾಡಿಟ್ಟಿದ್ದೆ! 11 ಕಾರ್ಡ್ ಹರಿದು ಒಂದಾಗಿಸಿದೆ. 2023ರಲ್ಲಿ ಪ್ರಧಾನಿಯಾದ ಎವಿಕ ಸಿಲಿಞ ಈಗ ಸಿಲಿಞ್ಶ್ ಕಾರ್ಡಿನಲ್ಲಿದ್ದಾರೆ. ಸಿಲ್ಸ್ ಅಂದ್ರೆ ಪೈನ್ ಕಾಡು.

ಹಾಗಂತ ಎಲ್ಲಾ ಕಡೆ ಈ ನಿಯಮ ನಡೆಯಲ್ಲ. ಬ್ಯಾಲೆ ನರ್ತಕ ಮಾರಿಸ್ ಲಿಯೆಪ ಗಂಡಸು, ಹೆಸರು ಮುಗಿಯುವುದು ಅ ದಲ್ಲಿ. ಲಿಯೆಪ ಅಂದ್ರೆ ಲಿಂಡೆನ್ ಮರ, ಅದು ಅವರ ಭಾಷೆಯಲ್ಲಿ ಸ್ತ್ರೀಲಿಂಗ. ಮಗ ಅಂದ್ರಿಸ್, ಮಗಳು ಇಲ್ಜೆ, ಇಬ್ಬರೂ ಲಿಯೆಪ, ಇಬ್ಬರೂ ನರ್ತಕರು. ಸ್ಪ್ರೂಸ್ ಮರದ ಎಗ್ಲೆ ಕೂಡ ಹೀಗೇ. ಆ ಕಾರ್ಡಿನಲ್ಲಿ ಇರುವವರು ಕಾರ್ಲಿಸ್ ಎಗ್ಲೆ, ನಮ್ಮ ಟ್ಯಾಗೋರರನ್ನು ಲಾಟ್ವಿಯನ್ ಓದುಗರಿಗೆ ತಂದುಕೊಟ್ಟವರು.

ಹೊರಗಿನವರಿಗೂ ಈ ಬಾಲ ತಪ್ಪಿದ್ದಲ್ಲ. ಶೇಕ್ಸ್‌ಪಿಯರ್ ಅಲ್ಲಿ ಶೆಕ್ಸ್‌ಪೀರ್ಸ್. ಮಹಾತ್ಮ ಗಾಂಧಿ ಗಂದಿಯ್ಸ್. ನಗು ಬರುತ್ತದೆ, ಆದರೆ ಪಾಸ್‌ಪೋರ್ಟಿಗೆ ಬಂದಾಗ ನಗು ಉಳಿಯಲ್ಲ. ಜರ್ಮನ್ ಗಂಡನ ಮೆಂಟ್ಸೆನ್ ಅನ್ನೋ ಹೆಸರು ತಗೊಂಡ ಲಾಟ್ವಿಯಾದ ಮಹಿಳೆಗೆ ಪಾಸ್‌ಪೋರ್ಟಿನಲ್ಲಿ ಮೆಂತ್ಸೆನ ಅಂತ ಬರೆದುಕೊಟ್ಟರು. ಆಕೆ ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋದರು. 2004ರಲ್ಲಿ ನ್ಯಾಯಾಲಯ ಆ ದೂರನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಭಾಷೆಯ ವ್ಯಾಕರಣ ಉಳಿಯಬೇಕು ಅನ್ನೋದು ನನಗೂ ಅರ್ಥ ಆಗುತ್ತದೆ. ಆದರೂ ಗಂಡನ ಹೆಸರೊಂದು, ನನ್ನ ಹೆಸರೊಂದು ಅಂತ ಪ್ರತಿ ವಿಮಾನ ನಿಲ್ದಾಣದಲ್ಲಿ ವಿವರಿಸಬೇಕಾದವರ ಪಾಡು ಬೇರೆ.

ಎರವಲು ಹೆಸರಿನವರು

ಈ ಗುಂಪು ನಾನು ಯೋಚಿಸಿದ್ದೇ ಅಲ್ಲ. ಸೋವಿಯತ್ ಸೈನ್ಯದ ಗೂಢಚರ್ಯೆಯ ಮುಖ್ಯಸ್ಥ ಯಾನ್ ಬೆರ್ಜಿನ್ ಬೇರ್ಜಿಞ್ಶ್ ಕಾರ್ಡಿನಲ್ಲಿ ಆರಾಮಾಗಿ ಕೂತಿದ್ದ. ಹುಟ್ಟುಹೆಸರು ನೋಡಿದರೆ ಪೇತೆರಿಸ್ ಕ್ಯುಜಿಸ್! ಸೋವಿಯತ್ ಗುಪ್ತ ಪೊಲೀಸ್ ಪಡೆಯಾದ ಚೆಕಾದ ಮಾರ್ತಿಞ್ಶ್ ಲಾತ್ಸಿಸ್ ನಿಜವಾಗಿ ಯಾನಿಸ್ ಸುದ್ರಬ್ಸ್, ಅಂದ್ರೆ ಬೆಳ್ಳಿ. ಕ್ರಾಂತಿಯ ಕಾಲದಲ್ಲಿ ತಲೆ ಮರೆಸಿಕೊಳ್ಳೋಕೆ ಎಲ್ಲರಿಗೂ ಇರುವ ಹೆಸರಿಗಿಂತ ಒಳ್ಳೆ ಜಾಗ ಯಾವುದು? ಇಬ್ಬರನ್ನೂ ಸ್ಟಾಲಿನ್ ಕಾಲದಲ್ಲಿ, 1938ರಲ್ಲಿ ಗುಂಡಿಟ್ಟು ಕೊಂದರು.

ಹೆಸರು ಬಚ್ಚಿಟ್ಟವರೂ ಇದ್ದಾರೆ. 1993ರಲ್ಲಿ ರಾಷ್ಟ್ರಪತಿಯಾದ ಗುಂತಿಸ್ ಉಲ್ಮನಿಸ್, ಯುದ್ಧಕ್ಕೆ ಮೊದಲು ದೇಶ ಆಳಿದ ಕಾರ್ಲಿಸ್ ಉಲ್ಮನಿಸ್‌ರ ಅಣ್ಣತಮ್ಮಂದಿರ ಕಡೆಯ ಮೊಮ್ಮಗ. 1941ರಲ್ಲಿ ಕುಟುಂಬವನ್ನು ಸೈಬೀರಿಯಾಕ್ಕೆ ಅಟ್ಟಿದರು. ವಾಪಸ್ ಬಂದ ಮೇಲೆ ಆ ಅಡ್ಡಹೆಸರು ಹೇಳಿಕೊಳ್ಳುವ ಹಾಗಿರಲಿಲ್ಲ, ಬಹಳ ವರ್ಷ ಅವರು ರುಂಪೀತಿಸ್ ಆಗಿಯೇ ಬದುಕಿದರು. ಅವರಿಗೆ ಕೆಂಪು ಗೆರೆಯೂ ಇದೆ, ಎರವಲು ಹೆಸರಿನವರಿಗೆಂದು ಇಟ್ಟ ಲಕೋಟೆಯಲ್ಲಿ ಒಂದು ಚೀಟಿಯೂ ಇದೆ.

ಸೈನ್ಯದವರ ಕಾರ್ಡ್ ನೋಡಿದಾಗಲೆಲ್ಲ ಒಂದು ನಗು ಬರುತ್ತದೆ. ಸ್ವಾತಂತ್ರ್ಯ ಯುದ್ಧದ ಸೇನಾಪತಿ ಯಾನಿಸ್ ಬಲೊದಿಸ್, ಬಲೊದಿಸ್ ಅಂದ್ರೆ ಪಾರಿವಾಳ. ಕೆಂಪು ಸೇನೆಯ ಮೊದಲ ಮಹಾದಂಡನಾಯಕ ಯುಕುಮ್ಸ್ ವಾತ್ಸಿಯೆತಿಸ್, ಆ ಪದದ ಅರ್ಥ 'ಜರ್ಮನ್‌ನವನು'! ಟೆನಿಸ್‌ನ ಎರ್ನೆಸ್ತ್ಸ್ ಗುಲ್ಬಿಸ್ ಹಂಸ.

ಕೊನೆಗೆ ತುಂಬಿದ್ದು ಕ್ರಿಶ್ಯಾನಿಸ್ ಬರೊನ್ಸ್ ಕಾರ್ಡ್. ಹೆಸರು ಬ್ಯಾರನ್, ಕೂಡಿಸಿದ್ದು ಮಾತ್ರ ಹಳ್ಳಿಯವರ ನಾಲ್ಕು ಸಾಲಿನ ಹಾಡುಗಳನ್ನು. 1880ರಲ್ಲಿ ಮಾಸ್ಕೋದಲ್ಲಿ 70 ಡ್ರಾಯರ್‌ಗಳ ಕಪಾಟು ಮಾಡಿಸಿ, ಪುಟ್ಟ ಪುಟ್ಟ ಚೀಟಿಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹಾಡು ಜೋಡಿಸಿದ ಮನುಷ್ಯ. ಆ ಕಪಾಟಿನ ಫೋಟೋ ನೋಡಿದ ಮೇಲೆ ನನ್ನ ಪೇಡೆ ಡಬ್ಬದ ಕಡೆ ನೋಡೋಕೆ ಸ್ವಲ್ಪ ನಾಚಿಕೆಯಾಯಿತು.

ಇನ್ನು ಬಾಕಿ: ಜರಿಞ್ಶ್. ಅಂದ್ರೆ ಪುಟ್ಟ ಕೊಂಬೆ. 1929ರ ಬೆಳ್ಳಿಯ 5 ಲಾತ್ ನಾಣ್ಯದ ಹುಡುಗಿಯ ಮುಖ ಬಿಡಿಸಿದ ರಿಹರ್ದ್ಸ್ ಜರಿಞ್ಶ್ ಅಲ್ಲಿಗೆ ಹೋಗಬೇಕು. ಅದಕ್ಕೆ ಕತ್ತರಿಸಿಟ್ಟ ಕಾರ್ಡಿನ ಹಿಂದೆ ನಮ್ಮ ಸೋದರತ್ತೆ ಮಗನ ಮದುವೆಯ ಊಟದ ವೇಳೆ ಇದೆ. ಮಧ್ಯಾಹ್ನ 12.30ಕ್ಕೆ.