ಮೂರು ಔದು, ಮೂರು ಶ್ರುತಿ

ಶುಕ್ರವಾರ ಶಾರ್ಜಾದಲ್ಲಿ ಫ್ರೆಂಡ್ ರೂಮಲ್ಲಿ ಮೂರು ಔದು (ಅರಬ್ಬರ, ತುರ್ಕಿಯವರ ತಂತಿವಾದ್ಯ) ಒಟ್ಟಿಗೆ ಸೇರಿದ್ವು. ನಂದು ಡಮಾಸ್ಕಸ್ಸಿಂದು, ಬೆನ್ನೆಲ್ಲಾ ವಾಲ್‌ನಟ್ ಪಟ್ಟಿ, ಮುಖಕ್ಕೆ ಸ್ಪ್ರೂಸು, ತಂತಿ ಉದ್ದ 61.5 ಸೆಂ.ಮೀ. ಇಸ್ತಾಂಬುಲ್ ಔದು ಇಟ್ಕೊಂಡಿರೋ ಗೆಳೆಯಂದು 58.5, ಮೂರೇ ಸೆಂಟಿಮೀಟರ್ ತಾನೇ ಅಂತ ಕೈಗೆ ತಗೊಂಡ್ರೆ ಬೆರಳು ಎಲ್ಲೆಲ್ಲೋ ಹೋಗಿ ಕೂರತ್ತೆ, ಸ್ವರದ ಜಾಗ ತೋರಿಸೋ ಫ್ರೆಟ್ ಪಟ್ಟಿ ಬೇರೆ ಇಲ್ವಲ್ಲ, ಬರೀ ಅಪಸ್ವರ! ಅವನ ಶ್ರುತಿನೂ ನಂದಕ್ಕಿಂತ ಒಂದು ಸ್ವರ ಮೇಲೆ. ಬಾಗ್ದಾದ್ ಹುಡುಗಂದು ಇನ್ನೊಂದು ಥರ, ತಂತಿ ಬ್ರಿಜ್ (ತಂತಿ ಕೂರೋ ಕುದುರೆ) ದಾಟಿ ಬುಡದಲ್ಲಿ ಕಟ್ಕೊಂಡಿರತ್ತೆ, ಇರಾಕಿನ ಔದು ವಾದಕ ಮುನೀರ್ ಬಶೀರ್ ನುಡಿಸ್ತಿದ್ರಲ್ಲ ಆ ಮಾದರಿ, ನಾದ ಸ್ವಲ್ಪ ಗಿಟಾರ್ ಕಡೆ ವಾಲತ್ತೆ (ನಂಗಂತೂ ಅಷ್ಟು ಹಿಡಿಸ್ಲಿಲ್ಲ). ಆಮೇಲೆ 1915ರಲ್ಲಿ ತೀರ್ಕೊಂಡ ಇಸ್ತಾಂಬುಲ್‌ನ ಔದು ತಯಾರಕ ಮನೋಲ್ ಮಾಡಿದ್ ಹಳೇ ಔದು ಸಿಕ್ರೆ ಅದನ್ನ ಕೊಳ್ಳೋಕೆ ಯಾರು ಏನು ಮಾರ್ತೀವಿ ಅನ್ನೋ ವಾದದಲ್ಲಿ ಚಹಾ ಆರಿಹೋಯ್ತು.