ಕೆಂಪೇಗೌಡರನ್ನು ಎಷ್ಟನೇ ಪುಟದಲ್ಲಿ ಕರೆಯಬೇಕು?

"ಸಾರ್, ಹಿನ್ನೆಲೆ ಎಷ್ಟು ಪುಟ ಇರಬೇಕು?"

ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಬಂತೆಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ದಿನವೂ ಇದೇ ಪ್ರಶ್ನೆ. ನಾನು ಇತಿಹಾಸದ ಮೇಷ್ಟ್ರು ಅಂತ ಗೊತ್ತಾಗಿ ಪಕ್ಕದ ಮನೆಯ ಪಿಯುಸಿ ಹುಡುಗನೂ ಕೇಳಿದ್ದಾನೆ. ಪುಟದ ಲೆಕ್ಕ ಯಾರಿಗೂ ಕೊಟ್ಟಿಲ್ಲ. ಹೋದ ವರ್ಷದ ಒಂದು ಕಥೆ ಹೇಳುತ್ತೇನೆ.

ಒಬ್ಬ ಹುಡುಗಿ ಬೆಂಗಳೂರಿನ 1898ರ ಪ್ಲೇಗಿನ ಬಗ್ಗೆ ಬರೆದಿದ್ದಳು. ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದೇ ಪ್ಲೇಗಿನಿಂದ ಅನ್ನುವುದು ಅವಳ ವಾದ. ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದದ್ದನ್ನು ತೆರೆದರೆ ಮೊದಲ ಪುಟದಲ್ಲೇ 1537, ಕೆಂಪೇಗೌಡರು. ಆಮೇಲೆ 1638ರಲ್ಲಿ ಬಿಜಾಪುರದವರು, ಶಿವಾಜಿಯ ತಂದೆ ಶಹಾಜಿ, ಮೊಗಲರು, ಚಿಕ್ಕದೇವರಾಜ ಒಡೆಯರು, ಹೈದರ್, ಟಿಪ್ಪು, 1809ರಲ್ಲಿ ಬ್ರಿಟಿಷ್ ಸೈನ್ಯದ ನೆಲೆಯಾದ ದಂಡು. ಮೊದಲ ಇಲಿ ಸತ್ತು ಬೀಳುವ ಹೊತ್ತಿಗೆ ಒಂಬತ್ತನೇ ಪುಟ.

ತಮಾಷೆಯೆಂದರೆ, ಅವಳ ವಾದವನ್ನೇ ಅಲ್ಲಾಡಿಸುವ ಸಾಲೊಂದು ಆ ರಾಶಿಯಲ್ಲೇ ಹೂತುಹೋಗಿತ್ತು: 1892ರಲ್ಲಿ ಚಾಮರಾಜಪೇಟೆ ಬಡಾವಣೆಯಾಯಿತು. ಪ್ಲೇಗಿಗೆ ಆರು ವರ್ಷ ಮೊದಲು! ಊರು ಆಗಲೇ ಪೇಟೆ ದಾಟಿ ಹೊರಗೆ ಕಾಲಿಟ್ಟಿತ್ತು ಅಂದಮೇಲೆ ಪ್ಲೇಗು ಮಾಡಿದ್ದೇನು? ಹೊಸ ಬಡಾವಣೆಗಳನ್ನು ಹುಟ್ಟಿಸಿತೋ, ಬರೀ ಅವಸರ ಮಾಡಿತೋ? ಅವಳು ಅದನ್ನು ಇಸವಿಗಳ ಸಾಲಿನಲ್ಲಿ ಒಂದು ಇಸವಿಯಾಗಿ ಬರೆದು ಮುಂದೆ ಹೋಗಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ, "ಇದರ ಜೊತೆ ಜಗಳ ಆಡು" ಅಂತ ಬರೆದೆ.

ನನ್ನ ಉತ್ತರ ಇಷ್ಟೇ. ಹಿನ್ನೆಲೆಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಇದನ್ನು ಕಿತ್ತರೆ ನನ್ನ ವಾದದಲ್ಲಿ ಏನು ಬೀಳುತ್ತದೆ ಅಂತ ಕೇಳಿಕೊಳ್ಳಿ. ಶಹಾಜಿಯನ್ನು ಕಿತ್ತರೆ ಇಲ್ಲಿ ಏನೂ ಬೀಳುವುದಿಲ್ಲ. (ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಪೀಠಿಕೆ ಉದ್ದ ಇದ್ದರೆ ಅಂಕ ಜಾಸ್ತಿ ಅಂತ ಕಲಿಸಿದವರು ನಾವೇ ಮೇಷ್ಟ್ರುಗಳು.)

ಹಾಗಂತ ಬೋಳಿಸಿಬಿಟ್ಟರೂ ಕಷ್ಟ. ಇನ್ನೊಬ್ಬ ನನ್ನ ಮಾತು ಕೇಳಿ ಹಿನ್ನೆಲೆಯನ್ನೇ ಹಾರಿಸಿದ. ಪೇಟೆ ಮೈಸೂರು ಸರ್ಕಾರದ ಕೈಯಲ್ಲಿ, ದಂಡು ಬ್ರಿಟಿಷರ ಕೈಯಲ್ಲಿ ಇತ್ತೆಂದು ಹೇಳದೆ ಎರಡು ಪುರಸಭೆಗಳ ಬಗ್ಗೆ ಬರೆಯುತ್ತಾ ಹೋದ. ಅವು ಒಂದಾದದ್ದು 1949ರಲ್ಲಿ ಅಂತ ಗೊತ್ತಿಲ್ಲದವರು ಒಂದೇ ಊರಿಗೆ ಎರಡೇಕೆ ಅಂತ ತಲೆ ಕೆರೆದುಕೊಳ್ಳಬೇಕು. ಎರಡು ಸಾಲು ಸಾಕಿತ್ತು, ಗೊಂದಲ ಏಳುವ ಜಾಗದಲ್ಲೇ.

"ಹಾಗಾದ್ರೆ ಕೆಂಪೇಗೌಡರನ್ನ ಪೂರ್ತಿ ತೆಗೆದುಬಿಡ್ಲಾ ಸಾರ್?" ಅಂದಳು ಹುಡುಗಿ. ತೆಗೆದಳು ಕೂಡ. ಆದರೆ ಹೊಸ ಬಡಾವಣೆಗಳ ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದು ಅವಳ ಕಣ್ಣಿಗೆ ಬಿತ್ತು. ಕುಂಬಾರಪೇಟೆ, ಗಾಣಿಗರಪೇಟೆ ಅಂತ ಕಸುಬಿಗೊಂದು ಬೀದಿಯಿದ್ದ ಹಳೇ ಊರನ್ನೇ ಅಗಲ ರಸ್ತೆಗಳ ಮೇಲೆ ಮತ್ತೆ ಹಾಸಿದರಲ್ಲವೇ? ವಾದವೇ ಬದಲಾಯಿತು. ಪೇಟೆ ಕಟ್ಟಿದವರಿಗೆ ಈಗ ಅಲ್ಲಿ ಕೆಲಸವಿದೆ. ಏಳನೇ ಪುಟಕ್ಕೆ ಬಂದಿದ್ದಾರೆ.

ಶಹಾಜಿ ಮಾತ್ರ ಇನ್ನೂ ಒಂದು ಅಡಿಟಿಪ್ಪಣಿಯಲ್ಲಿ ಕೂತಿದ್ದಾರೆ. ಬಿಡಲು ಅವಳಿಗೆ ಮನಸ್ಸಿಲ್ಲ.